ಕೊನೆಯ ಚಿತ್ರದಿಂದ ಶುರು

ನಮ್ಮ ತಾತ ಕೆಜಿಎಫ್ ಗಣಿಯಲ್ಲಿ ಮೂವತ್ತೊಂದು ವರ್ಷ ಕೆಲಸ ಮಾಡಿದರು. ಅಷ್ಟು ವರ್ಷದಲ್ಲಿ ಗಣಿಯೊಳಗೆ ಇಳಿದದ್ದು ಒಂದೇ ಒಂದು ಸಲ. ಅವರ ಕೆಲಸ ಮೇಲೆ, ಲ್ಯಾಂಪ್ ರೂಮಿನಲ್ಲಿ. ಪಾಳಿಗೆ ಬಂದವರಿಗೆ ತಲೆದೀಪ ಕೊಡುವುದು, ಅವರ ಬಿಲ್ಲೆ ಇಸ್ಕೊಂಡು ಮೊಳೆಗೆ ನೇತುಹಾಕುವುದು, ಪಾಳಿ ಮುಗಿಸಿ ಬಂದವರಿಂದ ದೀಪ ವಾಪಸ್ ತಗೊಂಡು ಚಾರ್ಜಿಗೆ ಇಡುವುದು. ದೀಪ ಬಂದರೆ ಮನುಷ್ಯ ಬಂದ ಅಂತ ಲೆಕ್ಕ. ದೀಪ ಬರದಿದ್ದರೆ ಬಿಲ್ಲೆ ಮೊಳೆಯಲ್ಲೇ ಉಳಿಯುತ್ತದೆ.

ಒಂದು ರಾತ್ರಿ 214ನೇ ನಂಬರಿನ ದೀಪ ಬರಲಿಲ್ಲ. ಕೆಳಗೆ ಫೋನ್ ಹೋಯಿತು, ಹುಡುಕಿದರು, ಆಳು ಸಿಗಲಿಲ್ಲ. ತಾತ ಮನೆಗೆ ಬರದೆ ಆ ಮೊಳೆಯ ಎದುರೇ ಕೂತಿದ್ದರಂತೆ. ಬೆಳಗ್ಗೆ ಆರೂವರೆಗೆ 214 ತಾನೇ ನಡೆದುಕೊಂಡು ಬಂದ. ದೀಪವನ್ನು ಟವೆಲ್ಲಿನಲ್ಲಿ ಸುತ್ತಿಕೊಂಡಿದ್ದ. ಪಕ್ಕದ ಶಾಫ್ಟಿನಿಂದ, ಅಂದರೆ ಗಣಿಗೆ ಇಳಿಯುವ ಬಾವಿಯಿಂದ, ಮೇಲೆ ಬಂದವನು ಹೆಂಡತಿಗೆ ನೋವು ಶುರುವಾಗಿದೆ ಅಂತ ಸುದ್ದಿ ಕೇಳಿ, ದೀಪ ತಲೆ ಮೇಲಿದ್ದ ಹಾಗೇ ಮನೆಗೆ ಓಡಿಬಿಟ್ಟಿದ್ದ. ಹೆಣ್ಣು ಮಗು. ತಾತ ಬೈಯಲಿಲ್ಲ. ದೀಪ ತಗೊಂಡು, ಬಿಲ್ಲೆ ಕೊಟ್ಟು, 'ಲೆಕ್ಕ ಕೂಡ್ತು ಬಿಡಪ್ಪ' ಅಂದರಂತೆ.

ಕಥೆ ಅಂದರೆ ಇಷ್ಟೇ. ಚಿಕ್ಕಂದಿನಿಂದ ನೂರು ಸಲ ಕೇಳಿದ್ದೇನೆ. ಇದನ್ನು ಎರಡು ನಿಮಿಷ ನಲವತ್ತು ಸೆಕೆಂಡಿನ ಅನಿಮೇಷನ್ ಮಾಡಲು ನನಗೆ ಹದಿನಾಲ್ಕು ತಿಂಗಳು ಹಿಡಿಯಿತು.

ನಾನು ಬಂಗಾರಪೇಟೆಯಲ್ಲಿ ಡ್ರಾಯಿಂಗ್ ಟೀಚರ್. ಕಲಾ ಕಾಲೇಜಿನಲ್ಲಿ ಓದುವಾಗ ಪ್ರಿಂಟ್‌ಮೇಕಿಂಗ್ ತಗೊಂಡಿದ್ದೆ, ಅದರಲ್ಲೂ ಮರಗೆತ್ತನೆ. ಗೊತ್ತಿಲ್ಲದವರಿಗೆ ಎರಡು ಮಾತು: ಹಲಗೆಯ ಮೇಲೆ ಚಿತ್ರ ಬರೆದು, ಬಿಳಿ ಬೇಕಾದ ಕಡೆ ಉಳಿಯಿಂದ ಕೆತ್ತಿ ತೆಗೆಯುತ್ತೇವೆ. ಉಳಿದ ಮೇಲ್ಮೈಗೆ ರೋಲರ್‌ನಿಂದ ಇಂಕು ಹಚ್ಚಿ, ಮೇಲೆ ಕಾಗದ ಹಾಸಿ ಉಜ್ಜಿದರೆ ಅಚ್ಚು ಬರುತ್ತದೆ. ಕೆತ್ತಿದ್ದು ಬಿಳಿ, ಬಿಟ್ಟಿದ್ದು ಕಪ್ಪು. ಏನೂ ಕೆತ್ತದ ಹಲಗೆ ಅಂದರೆ ಪೂರ್ತಿ ಕತ್ತಲು. ಪೆನ್ಸಿಲ್ ಹಿಡಿದವರು ಬಿಳಿ ಹಾಳೆಯ ಮೇಲೆ ಕಪ್ಪು ತರುತ್ತಾರೆ. ನಾವು ಕಪ್ಪಿನೊಳಗಿಂದ ಬೆಳಕು ಅಗೆದು ತೆಗೆಯುತ್ತೇವೆ. ಗಣಿಯ ಕಥೆಗೆ ಇದಕ್ಕಿಂತ ಸರಿಯಾದ ವಿಧಾನ ಇನ್ನೇನು ಸಿಗುತ್ತೆ, ಅಲ್ವಾ?

ಮೊದಲು ಅನಿಮೇಷನ್ ಯೋಚನೆಯೇ ಇರಲಿಲ್ಲ. ಹನ್ನೊಂದು ಚಿತ್ರ ಮಾಡಿ ಶಾಲೆಯ ಕಾರಿಡಾರಿನಲ್ಲಿ ಹಾಕಿದ್ದೆ. ಕೊನೆಯ ಚಿತ್ರದಲ್ಲಿ ಗಣಿ ಮುಚ್ಚಿದ ದಿನದ ಲ್ಯಾಂಪ್ ರೂಮು, ಪೂರ್ತಿ ಕತ್ತಲು. 2001ರ ಫೆಬ್ರವರಿ 28. ಅಷ್ಟು ಹೊತ್ತಿಗೆ ತಾತ ರಿಟೈರ್ ಆಗಿ ಬಹಳ ವರ್ಷ ಆಗಿತ್ತು. ಆದರೂ ಅವತ್ತು ಸಂಜೆ ಮನೆಯಲ್ಲಿ ಲೈಟ್ ಹಾಕಲು ಬಿಡಲಿಲ್ಲ, ಅದು ನನಗೆ ಚೆನ್ನಾಗಿ ನೆನಪಿದೆ. ಏಳನೇ ಕ್ಲಾಸಿನ ಒಬ್ಬ ಹುಡುಗ ಹತ್ತನೇ ಚಿತ್ರ ನೋಡಿದ, ಹನ್ನೊಂದನೇದು ನೋಡಿದ, ಮತ್ತೆ ಹತ್ತನೇದಕ್ಕೆ ಹೋದ. 'ಮಿಸ್, ಇದರಲ್ಲಿ ದೀಪ ಉರೀತಿದೆ. ಇದರಲ್ಲಿ ಇಲ್ಲ. ಆರಿದ್ದು ಎಲ್ಲಿದೆ?' ಅಂದ. ಸುಮ್ನೆ ಕೇಳಿದ ಪ್ರಶ್ನೆ. ನನ್ನ ತಲೆಯಿಂದ ಹೋಗಲಿಲ್ಲ.

ಮೊದಲು ಲೆಕ್ಕ ಹಾಕಿದೆ. ಸಿನಿಮಾದಲ್ಲಿ ಸೆಕೆಂಡಿಗೆ 24 ಫ್ರೇಮ್. ನನ್ನ ಕಥೆ 160 ಸೆಕೆಂಡು. ಒಟ್ಟು 3840. ಪೆನ್ನು ಕೆಳಗಿಟ್ಟು ಒಂದು ಟೀ ಕುಡಿದು ಬಂದೆ. ಆದರೆ ಕೈಯಲ್ಲಿ ಚಿತ್ರ ಬರೆಯುವವರು ಪ್ರತಿ ಫ್ರೇಮಿಗೂ ಹೊಸ ಚಿತ್ರ ಬರೆಯುವುದಿಲ್ಲ. ಒಂದೇ ಚಿತ್ರವನ್ನು ಎರಡು ಫ್ರೇಮ್ ನಿಲ್ಲಿಸುತ್ತಾರೆ, ಕೆಲವರು ಮೂರು ನಿಲ್ಲಿಸುತ್ತಾರೆ. ಮೂರು ನಿಲ್ಲಿಸಿದರೆ ಸೆಕೆಂಡಿಗೆ 8 ಚಿತ್ರ ಸಾಕು. ಆಗ 1280. ಇದರಲ್ಲಿ ನಡಿಗೆಯಂಥದ್ದು ಮತ್ತೆ ಮತ್ತೆ ಅದೇ ಬರುತ್ತದೆ. ಎಂಟು ಚಿತ್ರ ಮಾಡಿಕೊಂಡರೆ ಮನುಷ್ಯ ಎಷ್ಟು ದೂರ ಬೇಕಾದರೂ ನಡೆಯಬಹುದು. ಕೆಲವು ಕಡೆ ಏನೂ ಅಲುಗಾಡುವುದೇ ಇಲ್ಲ. ಹೀಗೆ ಕಳೆದೂ ಕಳೆದೂ ಕೊನೆಗೆ ನಾನು ತೆಗೆದ ಅಚ್ಚು 412. ಒಂದಕ್ಕೆ ಇಂಕು ಹಚ್ಚಿ, ಉಜ್ಜಿ, ಬಿಡಿಸಿ, ನೇತುಹಾಕಲು ಹನ್ನೆರಡು ನಿಮಿಷ. ಅಲ್ಲಿಗೇ ಎಂಬತ್ತೆರಡು ಗಂಟೆ. ಕೆತ್ತಿದ್ದು ಬೇರೆ.

ಸೆಕೆಂಡಿಗೆ ಎಂಟು ಅಂದರೆ ಚಲನೆ ಸ್ವಲ್ಪ ಕುಂಟುತ್ತದೆ. ಇರಲಿ ಅಂದುಕೊಂಡೆ. ಮರದಲ್ಲಿ ಕೆತ್ತಿದ ಮನುಷ್ಯ ನೀರಿನ ಹಾಗೆ ಸರಾಗವಾಗಿ ನಡೆದರೆ ಅದೇ ವಿಚಿತ್ರವಾಗಿ ಕಾಣುತ್ತದೆ.

ಮರಕ್ಕೆ ಅಲೆದದ್ದು ಒಂದು ದೊಡ್ಡ ಕಥೆ. ನಮ್ಮ ಕಡೆ ಮಾವಿಗೇನು ಬರ. ಶ್ರೀನಿವಾಸಪುರದ ಹತ್ತಿರ ಸಂಬಂಧಿಕರ ತೋಟದಲ್ಲಿ ಹಳೆ ಮರ ಬಿದ್ದಿತ್ತು. ಪುಕ್ಕಟೆ ಅಂತ ಸಂತೋಷದಿಂದ ನಾಲ್ಕು ಹಲಗೆ ಕುಯ್ಯಿಸಿಕೊಂಡು ಬಂದೆ. ಮಾವಿನ ಮರದ ಎಳೆ ನೆಟ್ಟಗೆ ಹೋಗುವುದಿಲ್ಲ. ಒಂದು ಕಡೆಯಿಂದ ಬೆಣ್ಣೆಯ ಹಾಗೆ ಹೋಗುತ್ತಿದ್ದ ಉಳಿ ಎರಡು ಇಂಚು ಆಚೆ ಗಕ್ಕನೆ ನಿಲ್ಲುತ್ತದೆ. ಒತ್ತಿದರೆ ಬೇಡದ ಕಡೆ ಚಕ್ಕೆ ಏಳುತ್ತದೆ. ತಾತನ ಮೂಗು ಎರಡು ಸಲ ಹೋಯಿತು. ಮೇಲಿಂದ ಹಲಗೆ ಪೂರ್ತಿ ಒಣಗಿರಲಿಲ್ಲ, ಬೇಸಿಗೆ ಬರುವಷ್ಟರಲ್ಲಿ ಬಾಗಿಕೊಂಡಿತು. ಆಮೇಲೆ ಎಂಡಿಎಫ್ ತಂದೆ. ಎಳೆಯೇ ಇಲ್ಲ, ಯಾವ ಕಡೆಯಿಂದ ಬೇಕಾದರೂ ಕೆತ್ತಬಹುದು. ಆದರೆ ಅದು ಮರದ ಸಣ್ಣ ನಾರು, ಅಂಟು ಸೇರಿಸಿ ಒತ್ತಿದ್ದು. ಉಳಿಯ ಬಾಯಿ ಅರ್ಧ ಗಂಟೆಗೆ ಮೊಂಡಾಗುತ್ತದೆ, ಧೂಳು ಗಂಟಲಿಗೆ ಕೂರುತ್ತದೆ. ಅದಕ್ಕಿಂತ ಹೆಚ್ಚಾಗಿ, ಅಚ್ಚು ತೆಗೆದರೆ ಕಪ್ಪು ಬರೀ ಕಪ್ಪು. ಕಪ್ಪು ಬಟ್ಟೆ ಹಾಸಿದ ಹಾಗೆ. ಜೀವ ಇಲ್ಲ. ಕೊನೆಗೆ ಪ್ಲೈವುಡ್ಡಿಗೇ ಬಂದೆ. ಮೇಲಿನ ಪದರ ಮೆತ್ತಗಿರುವುದನ್ನು ಆರಿಸಿ, ತಂತಿ ಬ್ರಷ್ಷಿನಿಂದ ಎಳೆಯುದ್ದಕ್ಕೂ ಉಜ್ಜಿದರೆ ಮೆದು ಭಾಗ ಸವೆದು ಗಟ್ಟಿ ಎಳೆ ಎದ್ದು ನಿಲ್ಲುತ್ತದೆ. ಇಂಕು ಹಚ್ಚಿದರೆ ಕಪ್ಪಿನೊಳಗೆ ಸಣ್ಣ ಸಣ್ಣ ಬಿಳಿ ಗೆರೆ. ಮೊದಲ ಅಚ್ಚು ಎತ್ತಿ ನೋಡಿದಾಗ ಗಣಿಯ ಬಂಡೆಯೇ ಕಂಡ ಹಾಗಾಯಿತು.

ಇಂಕು ಮತ್ತು ರೋಲರ್ ಸಿಕ್ಕಿದ್ದು ಕೋಲಾರದ ಒಂದು ಹಳೆ ಪ್ರೆಸ್ಸಿನಲ್ಲಿ. ಒಂದು ಕಾಲಕ್ಕೆ ಮದುವೆ ಪತ್ರಿಕೆ, ಬಿಲ್ ಪುಸ್ತಕ ಎಲ್ಲಾ ಅಲ್ಲೇ. ಈಗ ಮುಂದುಗಡೆ ಜೆರಾಕ್ಸ್ ಮೆಷಿನ್ನು, ಹಿಂದುಗಡೆ ಧೂಳು ಹಿಡಿದ ಟ್ರೆಡಲ್ಲು ಅಚ್ಚಿನ ಮೆಷಿನ್ನು. ಯಜಮಾನರು ಗ್ಲಾಸಿನ ಮೇಲೆ ಒಂದು ಚಮಚ ಇಂಕು ಹಾಕಿ ರೋಲರ್ ಆಡಿಸಿ, 'ಕಣ್ಣಲ್ಲಿ ನೋಡಬೇಡಿ, ಕಿವೀಲಿ ಕೇಳಿ' ಅಂದರು. ಇಂಕು ಜಾಸ್ತಿ ಇದ್ದರೆ ಪಚಪಚ ಅನ್ನುತ್ತದೆ, ಸಣ್ಣ ಗೆರೆಯೆಲ್ಲ ತುಂಬಿ ಮುಚ್ಚಿಹೋಗುತ್ತವೆ. ಕಮ್ಮಿ ಇದ್ದರೆ ಸದ್ದೇ ಬರುವುದಿಲ್ಲ. ಸರಿಯಾಗಿದ್ದರೆ ಎಣ್ಣೆಗೆ ಒಗ್ಗರಣೆ ಬಿದ್ದ ಹಾಗೆ ಸಣ್ಣಗೆ ಚಿರ್ರ್ ಅನ್ನುತ್ತದೆ. ಕಾಲೇಜಿನಲ್ಲಿ ನಾಲ್ಕು ವರ್ಷದಲ್ಲಿ ಕಲಿಯದ್ದನ್ನು ಅವರು ಐದು ನಿಮಿಷದಲ್ಲಿ ಹೇಳಿಕೊಟ್ಟರು. ಅವರಿಗೆ ಇನ್ನೊಂದು ವಿದ್ಯೆ ಇತ್ತು. ಇಡೀ ಜೀವಮಾನ ಅಚ್ಚಿನ ಅಕ್ಷರದ ಮೊಳೆ ಜೋಡಿಸಿದ್ದರಿಂದ ಕನ್ನಡವನ್ನು ತಿರುಗುಮುರುಗಾಗಿ ನಮ್ಮಷ್ಟೇ ವೇಗವಾಗಿ ಓದುತ್ತಿದ್ದರು. ನನಗೆ ಆ ವಿದ್ಯೆ ಇಲ್ಲದ್ದು ಮುಂದೆ ದುಬಾರಿಯಾಯಿತು. ಅದಕ್ಕೆ ಬರುತ್ತೇನೆ.

ಈಗ ಆ ಹುಡುಗನ ಪ್ರಶ್ನೆ. ದೀಪ ಆರುವುದನ್ನು ಹೇಗೆ ತೋರಿಸುವುದು?

ದಕ್ಷಿಣ ಆಫ್ರಿಕಾದ ವಿಲಿಯಂ ಕೆಂಟ್ರಿಜ್ ಅಂತ ಒಬ್ಬ ಕಲಾವಿದರಿದ್ದಾರೆ. ಜೋಹಾನ್ಸ್‌ಬರ್ಗಿನವರು, ಅದೂ ಚಿನ್ನದ ಗಣಿಯಿಂದಲೇ ಬೆಳೆದ ಊರು. ಅವರು ಇದ್ದಿಲಿನಲ್ಲಿ ಚಿತ್ರ ಬರೆದು, ಫೋಟೊ ತೆಗೆದು, ಅದನ್ನೇ ಸ್ವಲ್ಪ ಒರೆಸಿ, ತಿದ್ದಿ, ಮತ್ತೆ ಫೋಟೊ ತೆಗೆಯುತ್ತಾರೆ. ಒಂದೇ ಹಾಳೆಯ ಮೇಲೆ ಇಡೀ ದೃಶ್ಯ ನಡೆಯುತ್ತದೆ. ಒರೆಸಿದ ಗುರುತು ಹಾಗೇ ಉಳಿಯುತ್ತದೆ. ಇದನ್ನೇ ಹಲಗೆಯ ಮೇಲೆ ಯಾಕೆ ಮಾಡಬಾರದು ಅನ್ನಿಸಿತು. ಸ್ವಲ್ಪ ಕೆತ್ತು, ಅಚ್ಚು ತೆಗಿ. ಇನ್ನೂ ಸ್ವಲ್ಪ ಕೆತ್ತು, ಮತ್ತೆ ಅಚ್ಚು ತೆಗಿ.

ಆದರೆ ಇದ್ದಿಲನ್ನು ಒರೆಸಿ ಮತ್ತೆ ಬರೆಯಬಹುದು. ಮರಕ್ಕೆ ಆ ಸೌಕರ್ಯ ಇಲ್ಲ. ಕೆತ್ತಿದರೆ ಬಿಳಿ ಜಾಸ್ತಿಯಾಗುತ್ತಾ ಹೋಗುತ್ತದೆ, ಕಪ್ಪು ವಾಪಸ್ ಬರುವುದಿಲ್ಲ. ಅಂದರೆ ನನ್ನ ಹಲಗೆಯಲ್ಲಿ ದೀಪ ಹತ್ತಬಹುದೇ ಹೊರತು ಆರುವ ಹಾಗಿಲ್ಲ. ಎರಡು ವಾರ ಇದಕ್ಕೇ ತಲೆ ಕೆಡಿಸಿಕೊಂಡೆ. ಒಂದು ದಿನ ಸ್ವರ್ಣ ರೈಲಿನಲ್ಲಿ ಮಾರಿಕುಪ್ಪಂ ಕಡೆ ಹೋಗುತ್ತಿದ್ದೆ. ಉಲ್ಟಾ ಸೀಟಿನಲ್ಲಿ ಕೂತಿದ್ದೆ, ಊರು ಹಿಂದಕ್ಕೆ ಓಡುತ್ತಿತ್ತು. ಸೈನೈಡ್ ದಿಬ್ಬಗಳು, ಅಂದರೆ ಚಿನ್ನ ತೆಗೆದು ಉಳಿದ ಪುಡಿಯ ಗುಡ್ಡೆಗಳು, ಒಂದೊಂದಾಗಿ ಸಣ್ಣದಾಗುತ್ತಿದ್ದವು. ಅಲ್ಲೇ ಹೊಳೆಯಿತು. ಕೊನೆಯಿಂದ ಕೆತ್ತಬೇಕು. ಎಡಿಟಿಂಗಿನಲ್ಲಿ ತಿರುಗಿಸಿದರಾಯಿತು.

ಈಗ ಹೇಳಿದರೆ ಇಷ್ಟು ಸಣ್ಣ ವಿಷಯವಾ ಅನ್ನಿಸುತ್ತೆ. ಮಾಡುವಾಗ ಹಾಗಿರಲಿಲ್ಲ. ಹಲಗೆಗೆ ಏನೂ ಮಾಡದೆ ಇಂಕು ಹಚ್ಚಿ ಮೊದಲ ಅಚ್ಚು ತೆಗೆದೆ. ಪೂರ್ತಿ ಕಪ್ಪು. ಅದು ಕಥೆಯ ಕೊನೆ. ಆಮೇಲೆ ಸಣ್ಣ 'ವಿ' ಉಳಿಯಿಂದ ಒಂದು ಚುಕ್ಕೆ. ಅದು ಕೊನೆಗೆ ಆರುವ ದೀಪ. ಅದರ ಸುತ್ತ ನಾಲ್ಕು ಗೆರೆ, ಮತ್ತೆ ಅಚ್ಚು. ಗೋಡೆಯ ಒಂದು ಮೂಲೆ ಕಾಣುವಷ್ಟು, ಮತ್ತೆ ಅಚ್ಚು. ಎರಡನೇ ದೀಪ. ಬಿಲ್ಲೆ ನೇತುಹಾಕುವ ಮೊಳೆಗಳು. ಮೇಜು. ರಿಜಿಸ್ಟರು. ಹೀಗೆ 96 ಅಚ್ಚು. ಕೆತ್ತುತ್ತಾ ಹೋದ ಹಾಗೆ ಕೋಣೆ ಬೆಳಗುತ್ತಾ ಬಂತು. ಕೊನೆಯಲ್ಲಿ ಎಲ್ಲಾ ದೀಪ ಉರಿಯುವ ಲ್ಯಾಂಪ್ ರೂಮು, ನಡುವೆ ತಾತ. ಅದನ್ನು ತಿರುಗಿಸಿದರೆ ಹನ್ನೆರಡು ಸೆಕೆಂಡು. ದೀಪಗಳು ಒಂದೊಂದಾಗಿ ಕುಗ್ಗಿ, ತಾತ ಕತ್ತಲೊಳಗೆ ಹೋಗುತ್ತಾರೆ.

ಮೂವತ್ತು ದಿನ ನಾನು ದಿನಾ ತಾತನನ್ನು ಕತ್ತಲಿಂದ ಹೊರಗೆ ತರುತ್ತಿದ್ದೆ. ಕೊನೇ ವಾರ ಮುಖ ಕೆತ್ತಿದೆ. ಅದು ಉಲ್ಟಾ ಹೋಗುತ್ತದೆ ಅನ್ನುವುದೇ ಮರೆತುಹೋಗಿತ್ತು. ಕಂಪ್ಯೂಟರಿನಲ್ಲಿ ಮೊದಲ ಸಲ ಓಡಿಸಿದಾಗ ಐದು ನಿಮಿಷ ಎದ್ದು ಹೊರಗೆ ಹೋಗಿ ನಿಂತೆ.

ಇದರಲ್ಲಿ ಒಂದು ಎಡವಟ್ಟಾಯಿತು. ನಲವತ್ತನೇ ಅಚ್ಚಿನ ಹೊತ್ತಿಗೆ ಉಳಿ ಜಾರಿ ಗೋಡೆಯ ಮೇಲೆ ಉದ್ದಕ್ಕೆ ಗೀರು ಬಿತ್ತು. ಅದು ಆಮೇಲಿನ ಎಲ್ಲಾ ಅಚ್ಚಿನಲ್ಲೂ ಇರುತ್ತದೆ. ಸಿನಿಮಾ ಉಲ್ಟಾ ಓಡುವುದರಿಂದ ದೃಶ್ಯದ ಶುರುವಿನಿಂದ ಗೋಡೆ ಮೇಲೆ ಒಂದು ಬಿಳಿ ಗೀರು ಇರುತ್ತದೆ, ನಡುವೆ ಇದ್ದಕ್ಕಿದ್ದ ಹಾಗೆ ಮಾಯವಾಗುತ್ತದೆ. ನಾನು ತಲೆ ಚಚ್ಚಿಕೊಂಡೆ. ಅಜ್ಜಿ ನೋಡಿ, 'ಹಲ್ಲಿ ಓಡಿಹೋಯ್ತು ನೋಡು' ಅಂದರು. ಹಾಗೇ ಬಿಟ್ಟೆ.

ಒಂದೇ ಹಲಗೆಯಲ್ಲಿ ಮಾಡಿದ್ದರಿಂದ ಇನ್ನೊಂದು ಲಾಭ ಆಯಿತು, ನಾನು ಯೋಚಿಸಿಯೇ ಇರದದ್ದು. ನಡಿಗೆಯ ಎಂಟು ಚಿತ್ರಕ್ಕೆ ಎಂಟು ಬೇರೆ ಬೇರೆ ತುಂಡು ಪ್ಲೈವುಡ್ ಬಳಸಿದ್ದೆ. ಓಡಿಸಿ ನೋಡಿದರೆ ಮನುಷ್ಯ ಸರಿಯಾಗಿ ನಡೆಯುತ್ತಾನೆ, ಹಿಂದಿನ ಕಪ್ಪು ಮಾತ್ರ ಕುದಿಯುವ ಸಾರಿನ ಹಾಗೆ ಕುದಿಯುತ್ತಿದೆ. ಯಾಕೆ ಅಂದರೆ ಪ್ರತಿ ತುಂಡಿನ ಎಳೆ ಬೇರೆ. ಒಂದರಲ್ಲಿ ಗಂಟು, ಇನ್ನೊಂದರಲ್ಲಿ ನೆಟ್ಟ ಗೆರೆ. ಸೆಕೆಂಡಿಗೆ ಎಂಟು ಸಲ ಅದು ಬದಲಾದರೆ ಕಣ್ಣು ಅಲ್ಲಿಗೇ ಹೋಗುತ್ತದೆ. ಲ್ಯಾಂಪ್ ರೂಮಿನ ದೃಶ್ಯದಲ್ಲಿ ಎಳೆ ಒಂದೇ ಕಡೆ ಗಟ್ಟಿಯಾಗಿ ನಿಂತಿದೆ, ಬೆಳಕು ಮಾತ್ರ ಅಲುಗುತ್ತದೆ. ಕಟ್ಟಡ ಕಟ್ಟಡದ ಹಾಗೆ ನಿಲ್ಲುತ್ತದೆ. ಆಮೇಲೆ ಇದನ್ನೇ ಬೇಕಂತಲೇ ಬಳಸಿದೆ. ನೆಲದ ಮೇಲಿನ ದೃಶ್ಯಗಳೆಲ್ಲ ಒಂದೊಂದೇ ಹಲಗೆ. ಕೆಳಗಿನ ಸುರಂಗದ ದೃಶ್ಯಗಳಿಗೆ ಮಾತ್ರ ಬೇರೆ ಬೇರೆ ತುಂಡು. ಮೂರು ಕಿಲೋಮೀಟರಿಗೂ ಆಳದ ಗಣಿ ಅದು. ಬಂಡೆಯ ಒತ್ತಡಕ್ಕೆ ಸುರಂಗ ಸಿಡಿಯುವುದು ಅಲ್ಲಿ ಹೊಸದೇನಲ್ಲ. ಅಲ್ಲಿ ಗೋಡೆ ಸುಮ್ಮನೆ ನಿಂತಿರಬಾರದು, ಕುದಿಯಲಿ.

ಮರಗೆತ್ತನೆಯನ್ನು ಪರದೆಗೆ ತರಲು ಹೊರಟವಳು ನಾನೇ ಮೊದಲಲ್ಲ ಬಿಡಿ. ಬೆಲ್ಜಿಯಂನ ಫ್ರಾನ್ಸ್ ಮಾಸೆರೀಲ್ ಒಂದಕ್ಷರವೂ ಇಲ್ಲದೆ, ಬರೀ ಮರಗೆತ್ತನೆ ಚಿತ್ರಗಳಲ್ಲೇ ಇಡೀ ಕಥೆ ಹೇಳುವ ಪುಸ್ತಕಗಳನ್ನು ಮಾಡಿದ್ದ. ಅದರಲ್ಲಿ ಒಂದನ್ನು ಬರ್ತೋಲ್ಡ್ ಬಾರ್ಟೋಶ್ 1932ರಲ್ಲಿ ಅನಿಮೇಷನ್ ಮಾಡಿದ. ಅವನು ಗಾಜಿನ ಹಲಗೆಗಳನ್ನು ಒಂದರ ಮೇಲೊಂದು ಇಟ್ಟು, ಕೆಳಗಿನಿಂದ ಬೆಳಕು ಬಿಟ್ಟು, ಸೋಪು ಸವರಿ ಮಂಜು ಬರಿಸಿದ್ದ. ಸೋಪಿನ ವಿಷಯ ಓದಿ ನನಗೆ ಧೈರ್ಯ ಬಂತು. ನಮ್ಮ ಮನೆಯಲ್ಲಿ ನಡೆಯುತ್ತಿದ್ದುದೂ ಅದೇ ಮಟ್ಟದ ಕೆಲಸ. ಕಾಗದ ಉಜ್ಜಲು ಅಜ್ಜಿಯ ಮರದ ಸೌಟು. ಅಚ್ಚು ಒಣಹಾಕಲು ಬಟ್ಟೆ ಹಗ್ಗ, ಕ್ಲಿಪ್ಪು. ನಡುಮನೆ ತುಂಬ ತಾತ ನೇತಾಡುತ್ತಿದ್ದರು. ಎಣ್ಣೆ ಇಂಕು ಒಣಗಲು ಮೂರು ದಿನ ಬೇಕು, ಮಳೆ ಹಿಡಿದರೆ ವಾರ. ಒದ್ದೆ ಇರುವಾಗಲೇ ಫೋಟೊ ತೆಗೆದರೆ ಕಪ್ಪು ಮಿರಮಿರ ಮಿಂಚುತ್ತದೆ, ಕೆಲಸಕ್ಕೆ ಬರುವುದಿಲ್ಲ. ಕಾಯಬೇಕು. 'ಬಗ್ಗಿಕೊಂಡು ಓಡಾಡಿ ಓಡಾಡಿ ನನ್ನ ಸೊಂಟ ಹೋಯ್ತು, ಯಾವಾಗ ಮುಗಿಯುತ್ತೆ ಪಾಪ ನಿಂದು?' ಅಂತ ಅಜ್ಜಿಯ ದಿನದ ಪ್ರಶ್ನೆ. ಸೌಟಿನ ವಿಷಯದಲ್ಲಿ ಇವತ್ತಿಗೂ ಕ್ಷಮಿಸಿಲ್ಲ.

ಆ ಅಜ್ಜಿಯೇ ಒಂದು ದಿನ ಹಗ್ಗದ ಕೆಳಗೆ ನಿಂತುಬಿಟ್ಟರು. ತಾತ ದೀಪ ಕೊಡುವ ಹತ್ತಿರದ ದೃಶ್ಯ ಅದು. ದೊಡ್ಡದೊಂದು ಕೈ, ಕೈಯಲ್ಲಿ ದೀಪ, ದೀಪದ ಮೇಲೆ 214. ಅಜ್ಜಿ ತುಂಬಾ ಹೊತ್ತು ನೋಡಿ, 'ಇದು ಯಾರ ಕೈ?' ಅಂದರು.

'ತಾತಂದು ಅಜ್ಜಿ.'

'ನಿಮ್ಮ ತಾತ ಎಡಗೈಲಿ ಯಾವತ್ತೂ ಯಾರಿಗೂ ಏನೂ ಕೊಟ್ಟೋರಲ್ಲ.'

ಎದೆ ಧಸಕ್ಕೆಂದಿತು. ಹಲಗೆಯಲ್ಲಿ ಕೆತ್ತಿದ್ದು ಅಚ್ಚಿನಲ್ಲಿ ಎಡಬಲ ಆಗುತ್ತದೆ, ಇದು ಮೊದಲ ವರ್ಷದ ಮೊದಲ ಪಾಠ. 214 ಅನ್ನು ಜ್ಞಾಪಕ ಇಟ್ಟುಕೊಂಡು ತಿರುಗುಮುರುಗಾಗಿ ಕೆತ್ತಿದ್ದೆ. ಅಕ್ಷರ, ಅಂಕಿ ಅಂದರೆ ಕೈ ತಾನೇ ಎಚ್ಚರವಾಗುತ್ತದೆ. ಕೈಯನ್ನು ಮಾತ್ರ ನೋಡಿದ ಹಾಗೇ, ಬಲಗೈಯಾಗಿಯೇ ಕೆತ್ತಿದ್ದೆ. ಅಚ್ಚಿನಲ್ಲಿ ಎಡಗೈ ಆಗಿತ್ತು. ಎಷ್ಟೋ ಜನ ಅದನ್ನು ಗಮನಿಸುವುದಿಲ್ಲ, ನಿಜ. ಆದರೆ ನಮ್ಮ ಕಡೆ ಅಂಗಡಿಯವನು ಚಿಲ್ಲರೆ ಕೂಡ ಎಡಗೈಲಿ ಕೊಡುವುದಿಲ್ಲ. ಭೂಮಿಯೊಳಗೆ ಇಳಿಯುವವನಿಗೆ ದೀಪ ಕೊಡುವ ಕೈ ಅದು.

ಫೋಟೊವನ್ನು ಕಂಪ್ಯೂಟರಿನಲ್ಲಿ ಎಡಬಲ ಮಾಡಬಹುದಲ್ಲ? ಮಾಡಬಹುದು. ಆಗ ಕೈ ಸರಿಹೋಗುತ್ತದೆ, 214 ಉಲ್ಟಾ ಆಗುತ್ತದೆ. ಶಾಲೆಯ ಕಂಪ್ಯೂಟರ್ ಮೇಷ್ಟ್ರು, 'ನಂಬರ್ ಒಂದನ್ನ ಕಟ್ ಮಾಡಿ ತಿರುಗಿಸಿ ಅಂಟಿಸಿದರೆ ಆಯ್ತು ಮೇಡಂ, ಐದು ನಿಮಿಷ' ಅಂದರು. ಅವರು ಹೇಳಿದ್ದು ಸರಿಯೇ. ಆದರೆ ಅಷ್ಟೊತ್ತಿಗೆ ನನಗೂ ಮರಕ್ಕೂ ಒಂಥರಾ ಹಠ ಬಿದ್ದಿತ್ತು. ಕಂಪ್ಯೂಟರಿನಲ್ಲಿ ಸಾಲಾಗಿ ಜೋಡಿಸುವುದು, ತಿರುಗಿಸುವುದು ಬಿಟ್ಟು ಇನ್ನೇನೂ ಮಾಡಬಾರದು ಅಂತ. ದಡ್ಡತನ ಅಂದರೂ ಒಪ್ಪಿಕೊಳ್ಳುತ್ತೇನೆ.

ನಮ್ಮ ಬೀದಿಯ ಆಚಾರಿಯವರ ಹತ್ತಿರ ಹಲಗೆ ಹೊತ್ತುಕೊಂಡು ಹೋದೆ. ಅವರು ಬಾಗಿಲು, ಕಿಟಕಿ ಮಾಡುವವರು. ವಿಷಯ ಕೇಳಿ ನಕ್ಕರು. 'ಗಂಟು ಬಿದ್ದೋಗಿರೋ ಹಲಗೇಗೆ ತುಂಡು ಕೂರಿಸಲ್ವಾ, ಅಷ್ಟೇ ತಾನೇ?' ಅಂದರು. ನಂಬರ್ ಇದ್ದ ಜಾಗವನ್ನು ಚೌಕವಾಗಿ ಗುರುತು ಮಾಡಿಕೊಂಡು, ಅಗಲ ಉಳಿಯಿಂದ ಮೂರು ಮಿಲಿಮೀಟರ್ ಆಳಕ್ಕೆ ತೆಗೆದರು. ಅದೇ ಪ್ಲೈವುಡ್ಡಿನಿಂದ ಒಂದು ತುಂಡು, ಎಳೆ ಅದೇ ದಿಕ್ಕಿಗೆ ಬರುವ ಹಾಗೆ. ಸುತ್ತ ಫೆವಿಕಾಲ್. ಮೇಲೆ ಒಂದು ಹಲಗೆ ಇಟ್ಟು ಸುತ್ತಿಗೆಯಿಂದ ಎರಡೇ ಏಟು. ಮಾರನೇ ದಿನ ಉಪ್ಪುಕಾಗದ ಉಜ್ಜಿ ಕೊಟ್ಟರು. ಕೈಯಾಡಿಸಿದರೆ ಎಲ್ಲಿ ಕೂರಿಸಿದ್ದಾರೆ ಅಂತ ಗೊತ್ತಾಗುತ್ತಿರಲಿಲ್ಲ. ಜಪಾನಿನ ಹಳೇ ಮರಗೆತ್ತನೆಯವರೂ ತಪ್ಪಾದ ಕಡೆ ಹೀಗೇ ತುಂಡು ಕೂರಿಸುತ್ತಿದ್ದರು ಅಂತ ಆಚಾರಿಯವರಿಗೆ ಹೇಳಿದೆ. 'ಇನ್ನೇನ್ ಮಾಡ್ತಾರೆ ಮತ್ತೆ?' ಅಂದರು.

ಹೊಸ ತುಂಡಿನ ಮೇಲೆ 214 ಅನ್ನು ಈ ಸಲ ನೆಟ್ಟಗೆ ಕೆತ್ತಿದೆ. ಅಚ್ಚಿನಲ್ಲಿ ಉಲ್ಟಾ, ಕಂಪ್ಯೂಟರಿನಲ್ಲಿ ಮತ್ತೆ ನೆಟ್ಟಗೆ. ಬೆರಳಿಗೆ ಗೊತ್ತಾಗದ ಜೋಡಣೆ ಇಂಕಿಗೆ ಗೊತ್ತಾಯಿತು. ಅಚ್ಚು ತೆಗೆದಾಗ ನಂಬರಿನ ಸುತ್ತ ಕೂದಲೆಳೆಯಷ್ಟು ಬಿಳಿ ಗೆರೆ ಬಂತು. ದೀಪಕ್ಕೆ ನಂಬರಿನ ತಗಡು ಹೊಡೆದ ಹಾಗೆ. ಬಯಸಿ ಮಾಡಿದ್ದರೂ ಅಷ್ಟು ಚೆನ್ನಾಗಿ ಬರುತ್ತಿರಲಿಲ್ಲ.

ಅಚ್ಚುಗಳು ಒಂದರ ಮೇಲೊಂದು ಕರಾರುವಾಕ್ಕಾಗಿ ಕೂರಬೇಕು, ಇಲ್ಲದಿದ್ದರೆ ಇಡೀ ಕೋಣೆ ನಡುಗುತ್ತದೆ. ಅದಕ್ಕೆ ಜಪಾನಿನವರ ಉಪಾಯವನ್ನೇ ಕದ್ದೆ. ಕೆಂತೊ ಅನ್ನುತ್ತಾರೆ. ಹಲಗೆಯ ಒಂದು ಮೂಲೆಯಲ್ಲಿ 'ಎಲ್' ಆಕಾರದ ಕಚ್ಚು, ಅದೇ ಅಂಚಿನಲ್ಲಿ ಸ್ವಲ್ಪ ದೂರಕ್ಕೆ ಒಂದು ನೆಟ್ಟ ಕಚ್ಚು. ಕಾಗದದ ಮೂಲೆ ಮೊದಲನೇದಕ್ಕೆ, ಅಂಚು ಎರಡನೇದಕ್ಕೆ ತಾಗಿಸಿ ಇಳಿಸಿದರೆ ಪ್ರತಿ ಸಲ ಅದೇ ಜಾಗಕ್ಕೆ ಬರುತ್ತದೆ. ಫೋಟೊ ತೆಗೆಯುವ ಮೇಜಿಗೂ ಎರಡು ರಟ್ಟು ಅಂಟಿಸಿ ಹಾಗೇ ಮಾಡಿಕೊಂಡೆ. ಮೇಲೆ ಫೋನು, ಎರಡು ಪಕ್ಕ ಒಂದೇ ಥರದ ಎರಡು ಬಲ್ಬು, ಕಿಟಕಿಗೆ ಕಂಬಳಿ. ಫೋನಿನ ಕ್ಯಾಮೆರಾ ತಾನೇ ಬೆಳಕು ಹೊಂದಿಸಿಕೊಳ್ಳಲು ಬಿಡಬಾರದು, ಲಾಕ್ ಮಾಡಬೇಕು. ಇದು ಗೊತ್ತಿಲ್ಲದೆ ಮೊದಲ 60 ಫೋಟೊ ದಂಡ. ಕಪ್ಪು ಜಾಸ್ತಿ ಇದ್ದ ಚಿತ್ರ ಬೂದಿ ಬಣ್ಣಕ್ಕೆ ತಿರುಗಿತ್ತು. ಕತ್ತಲು ಕಂಡರೆ ಫೋನಿಗೆ ಹೆದರಿಕೆ, ಕೂಡಲೇ ಬೆಳ್ಳಗೆ ಮಾಡಲು ಹೋಗುತ್ತದೆ. ಕರೆಂಟು ಹೋಗಿ ಬಂದಾಗಲೆಲ್ಲ ಒಂದು ಫೋಟೊ ಮತ್ತೆ ತೆಗೆದು ಹಳೇದರ ಜೊತೆ ಹೋಲಿಸುತ್ತಿದ್ದೆ. ಶಿವನಸಮುದ್ರದಿಂದ 1902ರಲ್ಲೇ, ಬೆಂಗಳೂರಿಗಿಂತ ಮೊದಲು, ವಿದ್ಯುತ್ತು ಬಂದದ್ದು ಈ ಗಣಿಗೆ. ಅದೇ ಗಣಿಯ ಕಥೆ ಮಾಡುವಾಗ ದಿನಾ ಎರಡು ಸಲ ಕರೆಂಟು ಹೋಗುತ್ತಿತ್ತು.

ಮಾತು ಬೇಡ ಅಂತ ಮೊದಲೇ ತೀರ್ಮಾನಿಸಿದ್ದೆ. ಸದ್ದಿಗೆ ಫೋನನ್ನು ಹಲಗೆ ಪಕ್ಕ ಇಟ್ಟು ನನ್ನ ಉಳಿಯ ಸದ್ದನ್ನೇ ಹಿಡಿದೆ. ನಿಧಾನ ಮಾಡಿದರೆ ಅದು ಬಂಡೆ ಒಡೆಯುವ ಸದ್ದು. ರೋಲರಿನ ಚಿರ್ರ್ ಸದ್ದು ಜನರನ್ನು ಶಾಫ್ಟಿನಲ್ಲಿ ಇಳಿಸುವ ಲಿಫ್ಟಿನಂಥ ಪಂಜರಕ್ಕೆ ಹೊಂದಿತು. ಒಂದೇ ಮನುಷ್ಯ ಧ್ವನಿ ಇದೆ, ಅಜ್ಜಿಯದು. ತಾತ ಜನರನ್ನು ತಮಿಳಿನಲ್ಲಿ ಕರೆಯುತ್ತಿದ್ದರು, ರಿಜಿಸ್ಟರನ್ನು ಇಂಗ್ಲಿಷಿನಲ್ಲಿ ಬರೆಯುತ್ತಿದ್ದರು, ಎಣಿಸುವುದು ಮಾತ್ರ ಕನ್ನಡದಲ್ಲೇ, ತುಟಿಯೊಳಗೆ. ಅಜ್ಜಿಗೆ ಆ ಎಣಿಕೆ ಗೊತ್ತಿತ್ತು, ತಾತ ನಿದ್ದೆಯಲ್ಲೂ ಎಣಿಸುತ್ತಿದ್ದರಂತೆ. 'ಇನ್ನೂರ ಹನ್ನೆರಡು, ಇನ್ನೂರ ಹದಿಮೂರು' ಅಂತ ಹೇಳಿ ಅಜ್ಜಿ ನಿಲ್ಲಿಸಿದರು. ಉಸಿರು ಎಳೆದುಕೊಂಡು, 'ಇನ್ನೂರ ಹದಿನೈದು.' ನಾನು ಹೇಳಿಕೊಟ್ಟಿರಲಿಲ್ಲ. ಎರಡನೇ ಸಲ ರೆಕಾರ್ಡ್ ಮಾಡಲೇ ಇಲ್ಲ.

ಮೊದಲ ಪ್ರದರ್ಶನ ಕೆಜಿಎಫ್‌ನ ಊರ್ಗಾಂನಲ್ಲಿ, ಪರಿಚಯದವರ ಮನೆಯ ಸುಣ್ಣದ ಗೋಡೆ ಮೇಲೆ. ಶಾಲೆಯಿಂದ ಪ್ರೊಜೆಕ್ಟರ್ ಕೇಳಿ ತಂದಿದ್ದೆ. ಸಂಜೆ ಏಳಕ್ಕೆ ಇಪ್ಪತ್ತು ಜನ ಸೇರಿದ್ದರು, ಅರ್ಧ ಜನ ಹಳೆ ಗಣಿ ಕಾರ್ಮಿಕರು. ಎರಡು ನಿಮಿಷ ನಲವತ್ತು ಸೆಕೆಂಡು ಅಂದರೆ ಜನ ಕೂರುವಷ್ಟರಲ್ಲಿ ಮುಗಿಯುತ್ತದೆ. ಮತ್ತೆ ಹಾಕಿ ಅಂದರು. ಮೂರು ಸಲ ಹಾಕಿದೆ. ದೀಪ ಆರುವಾಗ ಯಾರೂ ಮಾತಾಡಲಿಲ್ಲ. ಪಂಜರ ಇಳಿಯುವಾಗ ಒಬ್ಬರು ಕುರ್ಚಿಯ ಕೈ ಹಿಡಿದುಕೊಂಡದ್ದನ್ನು ನೋಡಿದೆ.

ಅವರೇ ಆಮೇಲೆ ಹತ್ತಿರ ಬಂದರು. ವಯಸ್ಸು ಎಪ್ಪತ್ತರ ಮೇಲೆ. ಇಪ್ಪತ್ತೈದು ವರ್ಷ ಕೆಳಗೆ ಇದ್ದವರು. ಚೆನ್ನಾಗಿದೆ ಅಂತ ತಲೆಯಾಡಿಸಿದರು. ಆಮೇಲೆ ಗೋಡೆಯ ಕಡೆ ಬೆರಳು ಮಾಡಿ, 'ಆದ್ರೆ ಅಮ್ಮಾ, ಧೂಳೆಲ್ಲಿ?' ಅಂದರು.

ನನಗೆ ಅರ್ಥವಾಗಲಿಲ್ಲ.

'ಕೆಳಗೆ ಲೈಟು ಹಿಂಗೆ ರೌಂಡಾಗಿ ಬೀಳಲ್ಲ. ತಲೆಯಿಂದ ಒಂದು ಕೋಲು ಹೋದಂಗೆ ಹೋಗುತ್ತೆ. ಕೋಲು ತುಂಬ ಧೂಳು. ಧೂಳಿಲ್ಲ ಅಂದ್ರೆ ಲೈಟೇ ಕಾಣಲ್ಲ.'

ನಾನು ಕೆಳಗೆ ಇಳಿದವಳಲ್ಲ. ತಾತ ಇಳಿದದ್ದೂ ಒಂದೇ ಸಲ. ನಾನು ಕೆತ್ತಿದ್ದು ಮೇಲೆ ಇದ್ದವರು ಊಹಿಸಿಕೊಂಡ ಬೆಳಕು. ಮನೆಗೆ ಬಂದು ಸುರಂಗದ ಎಂಟು ಹಲಗೆ ಅಟ್ಟದಿಂದ ಇಳಿಸಿದೆ. ಒರೆಸಿ ನೋಡಿದರೆ ದೀಪದ ಮುಂದೆ ಕಪ್ಪು ಹಾಗೇ ಗಟ್ಟಿಯಾಗಿದೆ, ಒಂದು ಏಟೂ ಬಿದ್ದಿಲ್ಲ. ಇನ್ನೂ ತೆಗೆಯಲು ಜಾಗ ಇದೆ.

ಸಣ್ಣ ಉಳಿಯನ್ನು ಸಾಣೆ ಕಲ್ಲಿಗೆ ಹಿಡಿದು ಚೂಪು ಮಾಡಿಕೊಂಡಿದ್ದೇನೆ. ದಿನಾ ರಾತ್ರಿ ಊಟ ಆದ ಮೇಲೆ ಒಂದು ಗಂಟೆ ಧೂಳು ಕೆತ್ತುತ್ತೇನೆ. ಈಗ ಮೂರನೇ ಹಲಗೆ. ಉಜ್ಜಲು ಅಜ್ಜಿ ಹೊಸ ಸೌಟು ಕೊಡುವುದಿಲ್ಲ ಅಂದಿದ್ದಾರೆ, ಹಳೇದನ್ನೇ ಹುಡುಕುತ್ತಿದ್ದೇನೆ.